ಆಡಿಗೂ ಆಷಾಢಕ್ಕೂ ನಡುವೆ ಒಂದು ಗ್ಯಾರಂಟಿ

ಮೊನ್ನೆ ಹೊಸ ಮಿಕ್ಸಿ ಕೊಂಡೆ. ಅಂಗಡಿಯವರು ಪೆಟ್ಟಿಗೆಯಿಂದ ಒಂದು ನುಣುಪಾದ ಕಾರ್ಡು ತೆಗೆದು, ಇದನ್ನು ಜೋಪಾನವಾಗಿಡಿ, ಗ್ಯಾರಂಟಿಯೆಲ್ಲ ಇದರಲ್ಲೇ ಇದೆ ಎಂದರು. ಮನೆಗೆ ಬಂದು ಕನ್ನಡಕ ಏರಿಸಿಕೊಂಡು ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನೆಲ್ಲ ಓದಿದೆ. ಅರಿಸಿನದ ಕೊಂಬು ಹಾಕಿದರೆ ಗ್ಯಾರಂಟಿ ಇಲ್ಲ, ಕರೆಂಟು ಏರಿಳಿದರೆ ಇಲ್ಲ, ಜಾರ್ ಕೈತಪ್ಪಿ ಬಿದ್ದರೆ ಇಲ್ಲ. ಒಟ್ಟಿನಲ್ಲಿ ಮಿಕ್ಸಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯದೆ ಇದ್ದರೆ ಮಾತ್ರ ಗ್ಯಾರಂಟಿ ಪೂರ್ತಿ ಊರ್ಜಿತ ಎಂದು ಅರ್ಥವಾಯಿತು. ನಾನು ವಿಮಾ ಕಚೇರಿಯಲ್ಲಿ ಆಯುಸ್ಸು ಸವೆಸಿದವಳು. ಅಂಥ ಬರವಣಿಗೆ ಕಂಡರೆ ನನಗೆ ತವರಿನವರು ಸಿಕ್ಕಷ್ಟು ಸಂತೋಷ.

ಆದರೆ ಗ್ಯಾರಂಟಿ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕಣ್ಣ ಮುಂದೆ ಬರುವುದು ಇಂಥ ಕಾರ್ಡಲ್ಲ, ಕುಮರೇಸನ್ ಅವರ ಬಲ ಅಂಗೈ. ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳಲ್ಲಿ ಮದ್ರಾಸಿನ ವೆಸ್ಟ್ ಮಾಂಬಲಂನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ, ರೈಲು ಹಳಿಗೆ ಬೆನ್ನು ಹಾಕಿಕೊಂಡು ಅವರ ಗ್ಯಾರೇಜು ಇತ್ತು. ರಿಪೇರಿ ಮುಗಿದ ಮೇಲೆ ಬಾನೆಟ್ ಮುಚ್ಚಿ ಅದರ ಮೇಲೆ ಅಂಗೈಯಿಂದ ಬಡಿದು, 'ಮೂಣು ಮಾಸಂ ಗ್ಯಾರಂಟಿ ಮೇಡಂ' ಎನ್ನುತ್ತಿದ್ದರು. ಅಷ್ಟೇ. ಕಾಗದವಿಲ್ಲ, ಸಹಿಯಿಲ್ಲ. ದೊಡ್ಡ ರಿಪೇರಿಯಾದರೆ ಬಡಿತ ಜೋರು, ಚಿಕ್ಕದಾದರೆ ಮೆತ್ತಗೆ. ಆ ಮೂರು ತಿಂಗಳಲ್ಲಿ ಅದೇ ಕಾಯಿಲೆ ಮರುಕಳಿಸಿದರೆ ಬಿಟ್ಟಿ ರಿಪೇರಿ.

ಗ್ಯಾರಂಟಿಯ ಜೊತೆ ನನ್ನ ಪರಿಚಯ ಹಳೆಯದು. ನಾನು ಬೆಳೆದದ್ದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಬೇವಿನ ಮರದ ಕೆಳಗೆ ಕೊಡೆ ರಿಪೇರಿಯವನೊಬ್ಬ ಕೂರುತ್ತಿದ್ದ. ಅವನು ಕೊಡುತ್ತಿದ್ದದ್ದು ಒಂದು ಮಳೆಗಾಲದ ಗ್ಯಾರಂಟಿ. ನಮ್ಮಪ್ಪ ರೈಲ್ವೆಯವರು, ಎಲ್ಲವನ್ನೂ ಪರೀಕ್ಷಿಸಿ ನೋಡುವ ಜಾಯಮಾನ. ಮೊದಲ ಮಳೆ ಶುರುವಾದ ಕೂಡಲೇ ಮಾಡಲು ಏನೂ ಕೆಲಸವಿಲ್ಲದಿದ್ದರೂ ಕೊಡೆ ಹಿಡಿದು ಬೀದಿಗೆ ಇಳಿಯುತ್ತಿದ್ದರು. ನಾವು ಮಕ್ಕಳು ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದೆವು. ಒಂದು ವರ್ಷ ಕೊಡೆ ಸೋರಿತು. ಅಪ್ಪ ತೊಪ್ಪೆಯಾಗಿ ನೆನೆದು, ಬಿಚ್ಚಿದ ಕೊಡೆಯ ಸಮೇತ ಅವನ ಮುಂದೆ ಹೋಗಿ ನಿಂತರು. ಅವನು ಆಕಾಶ ನೋಡಿ, ಸ್ವಾಮಿ ಇದು ಮಳೆಯಲ್ಲ, ಪುಯಲ್, ಅಂದರೆ ಚಂಡಮಾರುತ, ನನ್ನ ಗ್ಯಾರಂಟಿ ಮಳೆಗೆ ಮಾತ್ರ ಎಂದನಂತೆ. ಅಪ್ಪ ಅದನ್ನು ಒಪ್ಪಿಕೊಂಡು ಬಂದರು. ಅಮ್ಮ ಅವರ ತಲೆ ಒರೆಸುತ್ತ ಬೈದದ್ದು ನನಗಿನ್ನೂ ನೆನಪಿದೆ, ಬೈಗುಳ ಮಾತ್ರ ಇಲ್ಲಿ ಬರೆಯುವಂಥದ್ದಲ್ಲ.

ಅದಿರಲಿ, ಕಾರಿನ ವಿಷಯಕ್ಕೆ ಬರುತ್ತೇನೆ. ಅದು ನನ್ನ ಕಾರು. ನನ್ನದು ಎನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ನಮ್ಮ ಕಚೇರಿಗೆ ಬಂದುಹೋಗುತ್ತಿದ್ದ ಡಾಕ್ಟರೊಬ್ಬರು ಹೊಸದು ಕೊಳ್ಳುವಾಗ ಹಳೆಯದನ್ನು ನನಗೆ ಕೊಟ್ಟರು. ಹಾಲುಕೆನೆ ಬಣ್ಣ, ದುಂಡು ದೀಪಗಳು, ಬಾಗಿಲು ಮುಚ್ಚಲು ಸ್ವಲ್ಪ ಮುದ್ದು ಮಾಡಬೇಕು. ನಮ್ಮವರು ಮಣಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಬೆಳಗಾಗುವ ಮುಂಚೆ ಕಂಪನಿಯ ಬಸ್ಸು ಬಂದು ಅವರನ್ನು ಎತ್ತಿಕೊಂಡು ಹೋಗುತ್ತಿತ್ತು, ಸಂಜೆ ತಂದು ಇಳಿಸುತ್ತಿತ್ತು. ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಹೋಗುವ ಸುಖ ಬಿಟ್ಟು ಮನುಷ್ಯ ಏಕೆ ಚಕ್ರ ತಿರುಗಿಸಬೇಕು ಎಂಬುದು ಅವರ ಪ್ರಶ್ನೆ. ಡ್ರೈವಿಂಗ್ ಕಲಿಯಲಿಲ್ಲ. ನಾನು ಕಲಿತೆ. ನಲವತ್ತು ದಾಟುವ ಹೊತ್ತಿಗೆ ಕಲಿತದ್ದರಿಂದ ಅದರ ಅಹಂಕಾರವೂ ಸ್ವಲ್ಪ ಹೆಚ್ಚಾಗಿಯೇ ಇತ್ತು. ತರಕಾರಿ ತರಲು ಕೂಡ ಕಾರು ತೆಗೆಯುತ್ತಿದ್ದೆ. ತರಕಾರಿಯವಳು ನಮ್ಮ ಗೇಟಿನ ಎದುರಿಗೇ ಕೂರುತ್ತಿದ್ದಳು.

ಕಾರಿನ ಇನ್ನೊಬ್ಬ ಪ್ರಯಾಣಿಕರು ನಮ್ಮ ಅತ್ತೆ. ಅವರ ಅಕ್ಕ ಕೀಲ್ಪಾಕ್‌ನಲ್ಲಿ, ಮೆಡಿಕಲ್ ಕಾಲೇಜಿನ ಹಿಂದಿನ ಬೀದಿಯಲ್ಲಿ ಇದ್ದರು. ಬಿದ್ದು ಸೊಂಟ ನೋಯಿಸಿಕೊಂಡ ಮೇಲೆ ಅವರು ಮನೆ ಬಿಟ್ಟು ಹೊರಡುವಂತಿರಲಿಲ್ಲ. ಅತ್ತೆಗೆ ಮಂಡಿನೋವು, ಬಸ್ಸು ಹತ್ತಲಾಗದು. ಆಟೋದವರ ಜೊತೆ ಅವರು ಆಡುತ್ತಿದ್ದ ಜಗಳಕ್ಕೆ ಇಡೀ ಮಾಂಬಲಂನ ಆಟೋಗಳು ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದವು. ಹಾಗಾಗಿ ವಾರಕ್ಕೊಮ್ಮೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಬಾಗಿಲ ಹಿಡಿಯನ್ನು ಭದ್ರವಾಗಿ ಹಿಡಿದುಕೊಳ್ಳುತ್ತಿದ್ದರು. ಅಕ್ಕತಂಗಿಯರು ಸೇರಿದರೆ ಸಂಜೆಯವರೆಗೂ ಅಮ್ಮನ ಬೆಳ್ಳಿ ಪಂಚಪಾತ್ರೆ ಯಾರ ಪಾಲಿಗೆ ಬರಬೇಕಿತ್ತು ಎಂಬ ಒಂದೇ ಚರ್ಚೆ. ವಾಪಸ್ಸು ಬರುವಾಗ ಅತ್ತೆ ತುಂಬ ಗೆಲುವಾಗಿರುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ಕಾರು ಸಿಗ್ನಲ್‌ಗಳಲ್ಲಿ ನಿಂತುಹೋಗತೊಡಗಿತು. ಓಡುವಾಗ ಸರಿ, ನಿಂತು ಬಿಸಿಯಾದರೆ ಉಸಿರು ಕಟ್ಟಿದಂತೆ ನಿಂತುಬಿಡುವುದು. ಮತ್ತೆ ತಣ್ಣಗಾಗುವ ತನಕ ಏನು ಮಾಡಿದರೂ ಅಲುಗದು. ಹಿಂದಿನ ಬಸ್ಸಿನವರು ನನ್ನ ಮೂರು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದರು. ಕತ್ತಿರಿ ಬಿಸಿಲಲ್ಲಿ, ಅಂದರೆ ಮದ್ರಾಸಿನ ಸೂರ್ಯ ಯಾರ ಮುಖವನ್ನೂ ನೋಡದ ಮೇ ತಿಂಗಳ ಆ ದಿನಗಳಲ್ಲಿ ಕುಮರೇಸನ್ ಕಾರನ್ನು ಒಳಗೆ ಸೇರಿಸಿಕೊಂಡು, ಇಂಜಿನ್ ಬಿಚ್ಚಿ, ಏನೇನೋ ಬದಲಿಸಿ, ಮತ್ತೆ ಜೋಡಿಸಿ, ಬಾನೆಟ್ ಮೇಲೆ ಬಡಿದರು. ಅಷ್ಟು ಜೋರಾದ ಬಡಿತವನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಕಾರು ನಿಲ್ಲುವುದು ತಪ್ಪಿತು. ಆದರೆ ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನೇ ಹೊಡೆದುಕೊಳ್ಳತೊಡಗಿತು. ಬಲಕ್ಕೆ ತಿರುಗಿದರೆ ಮೌನ. ವೆಸ್ಟ್ ಮಾಂಬಲಂನ ಸಂದುಗಳು ನಿಮಗೆ ಗೊತ್ತಲ್ಲ, ಮನೆಯಿಂದ ಮುಖ್ಯ ರಸ್ತೆ ಸೇರುವಷ್ಟರಲ್ಲಿ ಎಷ್ಟು ಎಡ ತಿರುವುಗಳು! ನಾನು ಕಚೇರಿಗೆ ಹೊರಟದ್ದು ಬೀದಿಗೆಲ್ಲ ತಿಳಿಯುತ್ತಿತ್ತು. ಮುದುಕರು ಗೋಡೆಗೆ ಒರಗುತ್ತಿದ್ದರು, ಹಸುಗಳು ಎದ್ದು ನಿಲ್ಲುತ್ತಿದ್ದವು. ಕೆಲವು ದಿನ ನಾನು ಎಡ ತಿರುವನ್ನೇ ತಪ್ಪಿಸಿಕೊಂಡು, ಬಲ, ಬಲ, ಬಲ ಎಂದು ಬಳಸಿ ಹೋಗುವ ದಾರಿ ಹುಡುಕಿದೆ. ಒಮ್ಮೆ ಹೀಗೇ ಬಲಕ್ಕೆ ಹೊರಳುತ್ತ ಹೊರಳುತ್ತ ನಮ್ಮ ಮನೆಯ ಮುಂದೆಯೇ ಬಂದು ನಿಂತೆ. ಕುಮರೇಸನ್ ಬಳಿ ಹೇಳಿದರೆ, ಗ್ಯಾರಂಟಿ ಕೊಟ್ಟದ್ದು ಇಂಜಿನ್ನಿಗೆ, ಹಾರ್ನ್ ಬೇರೆ ಇಲಾಖೆ ಎಂದರು. ಕಚೇರಿಯಲ್ಲಿ ಕ್ಲೇಮ್ ವಿಭಾಗದಲ್ಲಿ ಕೂತು ಪಾಲಿಸಿದಾರರಿಗೆ ನಾನು ಇದೇ ಧಾಟಿಯಲ್ಲಿ ಉತ್ತರ ಬರೆಯುತ್ತಿದ್ದೆನಾದ್ದರಿಂದ ಕಾರು ತಿರುಗಿಸಿಕೊಂಡು ಬಂದೆ. ಕೌಂಟರಿನ ಈಚೆ ಬದಿಯಲ್ಲಿ ನಿಂತು ಕೇಳಿದಾಗ ಆ ಮಾತು ಎಷ್ಟು ಉರಿಸುತ್ತದೆ ಎಂದು ಮಾತ್ರ ಗೊತ್ತಾಯಿತು.

ಹಾರ್ನ್ ಹೋಗಲಿ ಎಂದುಕೊಂಡೆ. ಆದರೆ ಜೂನ್ ಮುಗಿದು ಜುಲೈ ಕಣ್ಣು ಬಿಡುವ ಹೊತ್ತಿಗೆ, ಕೋಡಂಬಾಕ್ಕಂ ಸೇತುವೆಯ ಇಳಿಜಾರಿನಲ್ಲಿ, ಅತ್ತೆಯನ್ನು ಕೂರಿಸಿಕೊಂಡಿದ್ದಾಗಲೇ ಕಾರು ಮತ್ತೆ ನಿಂತಿತು. ಅದೇ ಕಾಯಿಲೆ. ನನಗೆ ಒಳಗೊಳಗೇ ಖುಷಿ. ಅದೇ ಕಾಯಿಲೆ, ಮೂರು ತಿಂಗಳ ಒಳಗೆ! ನಾನು ಎಷ್ಟೋ ಕ್ಲೇಮುಗಳನ್ನು ನೋಡಿದ್ದೇನೆ, ಇಷ್ಟು ನಿಷ್ಕಳಂಕವಾದ ಕ್ಲೇಮ್ ಕಂಡಿರಲಿಲ್ಲ. ಮರುದಿನವೇ ಗ್ಯಾರೇಜಿಗೆ ಬಿಡುತ್ತೇನೆ ಎಂದೆ.

'ಆಷಾಢ ಹುಟ್ಟಿಬಿಟ್ಟಿದೆ ಜಯಾ' ಎಂದರು ಅತ್ತೆ. 'ಅವ್ನು ಹೊಸ ಸಾಮಾನು ಹಾಕ್ತಾನೆ. ಹೊಸದೇನೂ ಈಗ ವೇಂಡಾಂ. ಶ್ರಾವಣ ಬರ್ಲಿ.'

ಇಲ್ಲಿ ಸ್ವಲ್ಪ ವಿವರ ಹೇಳಬೇಕು. ನಮ್ಮದು ಮದ್ರಾಸಿಗೆ ಬಂದು ತಲೆಮಾರುಗಳು ಕಳೆದ ಮಾಧ್ವ ಮನೆತನ. ಊಟದಲ್ಲಿ ತಮಿಳು ಬೆರೆತಿದೆ, ಮಾತಿನಲ್ಲಿ ಬೆರೆತಿದೆ. ನನ್ನ ಮಗಳಂತೂ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿಯೇ ಉತ್ತರ ಕೊಡುತ್ತಿದ್ದಳು. ಬೆರೆಯದೆ ಉಳಿದದ್ದು ಒಂದೇ, ಪಂಚಾಂಗ. ನಮ್ಮ ತಿಂಗಳು ಚಂದ್ರನನ್ನು ನೋಡಿ ನಡೆಯುತ್ತದೆ, ತಮಿಳರದು ಸೂರ್ಯನನ್ನು ನೋಡಿ. ಶುಭಕ್ಕೆ ಬೇಡವೆಂದು ನಾವು ಬಿಡುವ ಆಷಾಢ ಮೊದಲು ಬಂದು ಮೊದಲು ಹೋಗುತ್ತದೆ. ಅವರು ಬಿಡುವ ಆಡಿ ಆಮೇಲೆ ಬಂದು ಆಮೇಲೆ ಹೋಗುತ್ತದೆ. ಒಂದು ಮುಗಿಯುವ ಮುಂಚೆ ಇನ್ನೊಂದು ಶುರು. ಚೆನ್ನೈಯಲ್ಲಿ ಇರುವ ಕನ್ನಡದವರಿಗೆ ವರ್ಷದಲ್ಲಿ ಶುಭ ಕಾರ್ಯ ಮಾಡದ ಕಾಲ ಉಳಿದವರಿಗಿಂತ ಅರ್ಧದಷ್ಟು ಹೆಚ್ಚು. ಈ ಸರಳ ಲೆಕ್ಕ ನನಗೆ ಹೊಳೆಯದೆ ಹೋದದ್ದೇ ಎಲ್ಲ ಅನರ್ಥಕ್ಕೆ ಮೂಲ.

ಅತ್ತೆಯ ಮಾತು ಮೀರುವ ಧೈರ್ಯ ನನಗಿರಲಿಲ್ಲ. ಸಾರಿನ ಪುಡಿಯಿಂದ ಹಿಡಿದು ಸೀರೆ ಮಡಿಸುವ ರೀತಿಯವರೆಗೆ ಅವರು ನನ್ನನ್ನು ತಿದ್ದುತ್ತಲೇ ಇದ್ದರು, ನಾನು ತಿದ್ದಿಸಿಕೊಳ್ಳುತ್ತಲೇ ಇದ್ದೆ. ಹಾಗಾಗಿ ಆಷಾಢ ಪೂರ್ತಿ ಒದ್ದೆ ಬಟ್ಟೆಯ ಮೇಲೆ ಕಾರು ಓಡಿಸಿದೆ. ಇಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪು ಕಾದಾಗ ಅದರ ಮೇಲೆ ಒದ್ದೆ ಬಟ್ಟೆ ಹಾಕಿದರೆ ಕಾರು ಸ್ವಲ್ಪ ಹೊತ್ತಿಗೆ ಎಚ್ಚರಗೊಳ್ಳುತ್ತಿತ್ತು. ಅತ್ತೆ ಮಡಿಲಲ್ಲಿ ನೀರಿನ ಕೂಜಾ ಇಟ್ಟುಕೊಂಡು ಕೂರುತ್ತಿದ್ದರು. ಕಾರು ನಿಂತರೆ ನಾನು ಇಳಿದು ಬಾನೆಟ್ ಎತ್ತಿ ಕೈ ಚಾಚುವೆ, ಅವರು ಕೂಜಾ ಕೊಡುವರು. ಜ್ವರ ಬಂದ ಮಗುವಿಗೆ ಹಣೆಯ ಮೇಲೆ ಪಟ್ಟಿ ಹಾಕುವ ಹಾಗೆ.

ಆದರೆ ಒಂದು ಸಂಜೆ ನಮ್ಮವರ ಕಂಪನಿ ಬಸ್ಸು ದಾರಿಯಲ್ಲಿ ನನ್ನನ್ನು ದಾಟಿಹೋಯಿತು. ನಾನು ನುಂಗಂಬಾಕ್ಕಂ ಸಿಗ್ನಲ್ಲಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ಟಿನೊಳಗೆ ತಲೆ ಹಾಕಿದ್ದೆ. ಬಸ್ಸಿನ ತುಂಬ ಅವರ ಸಹೋದ್ಯೋಗಿಗಳು. ಅವರಲ್ಲೊಬ್ಬರು, ಅದು ನಿಮ್ಮ ಮನೆಯವರಲ್ಲವೇ ಎಂದು ಕೇಳಿದರಂತೆ. ನಮ್ಮವರು ಅಂದು ರಾತ್ರಿ ಮೊಸರನ್ನಕ್ಕೆ ಉಪ್ಪಿನಕಾಯಿ ಕೂಡ ಕೇಳಲಿಲ್ಲ.

ಆಷಾಢದ ಕೊನೆಯ ದಿನ ಭೀಮನ ಅಮಾವಾಸ್ಯೆ. ಗಂಡನ ಆಯುಷ್ಯಕ್ಕಾಗಿ ಪೂಜೆ ಮಾಡಿ, ಅವರ ಪಾದಕ್ಕೆ ಹೂವು ಅಕ್ಷತೆ ಹಾಕಿ ನಮಸ್ಕರಿಸುವ ದಿನ. ನಾನು ರೇಷ್ಮೆ ಸೀರೆ ಉಟ್ಟು, ದೀಪದ ಕಂಬಕ್ಕೆ ಪೂಜೆ ಮುಗಿಸಿ, ಮಣೆಯ ಮೇಲೆ ಕೂತಿದ್ದ ನಮ್ಮವರ ಕಾಲಿಗೆ ಬಗ್ಗಿದೆ. ತಲೆಯ ಮೇಲೆ ಅಕ್ಷತೆ ಬಿತ್ತು.

'ದೀರ್ಘಸುಮಂಗಲೀ ಭವ' ಎಂದರು. 'ನಮ್ಮ ರಾಜಮಾಣಿಕ್ಕಂ ಕಾರು ಕೇಳ್ತಿದಾನೆ. ಕೊಟ್ಟುಬಿಡೋಣ.'

ಬಗ್ಗಿದವಳು ಹಾಗೇ ಇದ್ದೆ. ನೆಲ ನೋಡುತ್ತ ಎಷ್ಟು ಹೊತ್ತು ಇರಲು ಸಾಧ್ಯ ಎಂಬುದನ್ನು ಅಂದು ತಿಳಿದೆ. ರಾಜಮಾಣಿಕ್ಕಂ ಎಂದರೆ ಕಾರ್ಖಾನೆಯಲ್ಲಿ ನಮ್ಮವರ ಪಕ್ಕದ ಮೇಜಿನವರು, ಯಂತ್ರದ ಕೆಲಸ ಚೆನ್ನಾಗಿ ತಿಳಿದವರು, ಹಳೆಯ ಕಾರು ತೆಗೆದುಕೊಂಡು ತಾವೇ ಸರಿಮಾಡಿಕೊಳ್ಳುವವರು. ಆಡಿಯಲ್ಲಿ ವಾಹನ ಕೊಳ್ಳುವುದಿಲ್ಲವಂತೆ, ಅದು ಕಳೆದು ಆವಣಿ ತಿಂಗಳು ಹುಟ್ಟಿದ ಮೊದಲ ಭಾನುವಾರ ಬಂದು ತೆಗೆದುಕೊಂಡು ಹೋಗುತ್ತಾರಂತೆ. ಎಲ್ಲ ತೀರ್ಮಾನವಾಗಿತ್ತು. ನಾನು ಎದ್ದು, ಗ್ಯಾರಂಟಿ ಇನ್ನೂ ಮುಗಿದಿಲ್ಲ, ನಾಳೆಯೇ ಸರಿಮಾಡಿಸುತ್ತೇನೆ ಎಂದೆ. ಆವಣಿಯೊಳಗೆ ಸರಿಯಾದರೆ ನೋಡೋಣ, ಇಲ್ಲದಿದ್ದರೆ ಕೊಡುವುದೇ ಎಂದರು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಅವರಿಗೂ ಇದೇ ಬೇಕು ಎಂದುಕೊಂಡು ಒಳಗೆ ಹೋಗಿ ಒಬ್ಬಳೇ ಕೂತು ಅತ್ತುಬಿಟ್ಟೆ. ಕಾರಿಗಾಗಿ ಅಳುವುದೇ ಎಂದು ನಗಬೇಡಿ. ಬೆಳಗಿನಿಂದ ರಾತ್ರಿಯವರೆಗೆ ಯಾರದೋ ಹೊತ್ತಿಗೆ ಯಾರದೋ ರುಚಿಗೆ ನಡೆಯುವವಳಿಗೆ, ಎಲ್ಲಿಗೆ ಯಾವಾಗ ತಿರುಗಬೇಕು ಎಂದು ತಾನೇ ನಿರ್ಧರಿಸುವ ಜಾಗ ಅದೊಂದೇ ಆಗಿತ್ತು.

ಮರುದಿನ ಶ್ರಾವಣ. ಹೇಗೂ ಅತ್ತೆಯನ್ನು ಕೀಲ್ಪಾಕ್‌ಗೆ ಕರೆದುಕೊಂಡು ಹೋಗಬೇಕಿತ್ತು. ಮೊದಲು ಗ್ಯಾರೇಜಿಗೆ ತಿರುಗಿಸಿದೆ. ಹಾರ್ನ್ ನಮ್ಮ ಆಗಮನವನ್ನು ಸಾರಿತು. ಗ್ಯಾರೇಜು ಖಾಲಿ ಖಾಲಿ. ಕುಮರೇಸನ್ ಒಬ್ಬರೇ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಕೆಲಸದವರೆಲ್ಲ ಊರಿನ ಅಮ್ಮನ ಹಬ್ಬಕ್ಕೆ ಹೋಗಿದ್ದರು. ನಾನು ವಿಷಯ ಹೇಳಿದೆ.

'ಆಡಿಲೆ ಇಂಜಿನ್ ಪಿರಿಕ್ಕ ಮಾಟ್ಟೇನ್ ಮೇಡಂ' ಎಂದರು. 'ಆವಣಿ ಪೊರಕ್ಕಟ್ಟುಂ.'

ಆಡಿಯಲ್ಲಿ ಇಂಜಿನ್ ಬಿಚ್ಚುವುದಿಲ್ಲ, ಆವಣಿ ಹುಟ್ಟಲಿ. ಗ್ಯಾರಂಟಿ ಇನ್ನು ಕೆಲವೇ ದಿನಗಳಲ್ಲಿ ಮುಗಿಯುತ್ತದೆ ಎಂದೆ. ಅದಕ್ಕೆ ನಾನೇನು ಮಾಡಲಿ, ಕಾಯಿಲೆ ಬಂದಾಗಲೇ ತರಬೇಕಿತ್ತು ಎಂದರು. ಆಗ ನಮಗೆ ಆಷಾಢ ಎಂದೆ. ಅದು ನಿಮ್ಮದು ಎಂದರು. ನನ್ನೊಳಗಿನ ಕ್ಲೇಮ್ ಅಧಿಕಾರಿ ಎದ್ದು ನಿಂತಳು. ಅಂಗಡಿಯವರೇ ಕೆಲಸ ಮುಂದೂಡಿದ ಕಾಲವನ್ನು ಗ್ಯಾರಂಟಿಯಲ್ಲಿ ಎಣಿಸುವಂತಿಲ್ಲ ಎಂದು ವಾದಿಸಿದೆ. ಅವರು ಉದಾರವಾಗಿ ಒಪ್ಪಿದರು. ಸರಿ, ಆಡಿ ಲೆಕ್ಕಕ್ಕಿಲ್ಲ, ಆವಣಿಯ ಮೊದಲ ವಾರ ತನ್ನಿ, ಬಿಟ್ಟಿ ಮಾಡಿಕೊಡುತ್ತೇನೆ ಎಂದರು. ವಾದ ಗೆದ್ದೆ, ಕಾರು ಸೋತೆ. ಆವಣಿಯ ಮೊದಲ ಭಾನುವಾರ ಕಾರೇ ನನ್ನದಲ್ಲವಲ್ಲ! ಅದನ್ನೂ ಅವರಿಗೆ ಹೇಳಿದೆ. ಕುಮರೇಸನ್ ನಿಜವಾಗಿಯೂ ಮರುಗಿದರು. ಬೇರೆ ಏನು ಬೇಕಾದರೂ ಕೇಳಿ, ಹಿಂದೆ ಒಂದು ಆಡಿಯಲ್ಲಿ ಇಂಜಿನ್ ಬಿಚ್ಚಿ ನನ್ನ ಬೆರಳು ಹೋಗುವುದರಲ್ಲಿತ್ತು ಎಂದು ಎಡಗೈಯ ಗಾಯದ ಗುರುತು ತೋರಿಸಿದರು. ಆಮೇಲೆ ನಮ್ಮವರ ಬಗ್ಗೆ, ಸಾರ್ ಬಳಿ ನಾನು ಮಾತಾಡಲೇ ಎಂದು ಕೂಡ ಕೇಳಿದರು.

ಆಗ ಕಾರಿನ ಬಾಗಿಲು ತೆರೆದ ಸದ್ದಾಯಿತು. ಅತ್ತೆ ಕೂಜಾ ಸಮೇತ ಇಳಿದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದು ಕುಮರೇಸನ್ ಮುಂದೆ ನಿಂತರು. ಅತ್ತೆಯ ತಮಿಳು ಹಳೆಯ ಮೈಲಾಪುರದ ತಮಿಳು, ಕೇಳುವವರು ತಾವಾಗಿ ನೆಟ್ಟಗೆ ನಿಲ್ಲುವಂಥದ್ದು.

'ವಂಡಿ ಯಾರೋಡದುಪ್ಪಾ?'

ಗಾಡಿ ಯಾರದಪ್ಪಾ ಎಂದು. ನಿಮ್ಮದೇ ಅಮ್ಮಾ ಎಂದರು ಕುಮರೇಸನ್. ಹಾಗಾದರೆ ಅದು ನಮ್ಮ ಪಂಚಾಂಗದಲ್ಲಿ ನಡೆಯಬೇಕಾದದ್ದು, ನಿನ್ನದರಲ್ಲಿ ಅಲ್ಲ, ನಮ್ಮ ಮನೆಯ ಸೊಸೆಗೆ, ನಮ್ಮ ಮನೆಯ ಒರಳಿಗೆ, ನಮ್ಮ ಕಾರಿಗೆ ಇಂದಿನಿಂದ ಶ್ರಾವಣ, ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ ಎಂದರು ಅತ್ತೆ. ಕುಮರೇಸನ್ ಯೋಚನೆ ಮಾಡಿದರು. ಗಾಡಿ ನಿಮ್ಮದು ಸರಿ, ಆದರೆ ಬಿಚ್ಚುವ ಕೈ ನನ್ನದು, ಈ ನೆಲ ನನ್ನದು, ಇಲ್ಲಿ ಆಡಿ ಎಂದರು. ಅದೂ ನ್ಯಾಯವಾಗಿಯೇ ಇತ್ತು. ನಾನು ಬಾಯಿಬಿಟ್ಟುಕೊಂಡು ಇಬ್ಬರ ಮುಖವನ್ನೂ ನೋಡುತ್ತಿದ್ದೆ. ಇಂಥ ವಾದ ನಮ್ಮ ಕಚೇರಿಯ ಯಾವ ಮೇಲಧಿಕಾರಿಯ ಬಾಯಲ್ಲೂ ಬಂದದ್ದಿಲ್ಲ.

'ಹಾಗಾದ್ರೆ ನಮ್ಮನೆಗೆ ಬಾ' ಎಂದರು ಅತ್ತೆ, ಆವೇಶದಲ್ಲಿ ಕನ್ನಡಕ್ಕೇ ಹೊರಳಿ. 'ನಮ್ಮ ಗೇಟಿನ ಒಳಗೆ ಶ್ರಾವಣ. ಅಲ್ಲಿ ಬಂದು ಬಿಚ್ಚು.'

ಕುಮರೇಸನ್‌ಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅರ್ಥವಾಯಿತು. ಮರುದಿನ ಬೆಳಿಗ್ಗೆ ಒಂದು ಮೂಟೆ ಸ್ಪ್ಯಾನರುಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ನಮ್ಮ ಫ್ಲಾಟಿನ ಕಾಂಪೌಂಡಿಗೆ ಬಂದರು. ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತರು. ಅತ್ತೆ ಕಾರಿನ ಮುಂದೆ ರಂಗೋಲಿ ಹಾಕಿಟ್ಟಿದ್ದರು. ದೇವರ ಮನೆಯಿಂದ ಪಂಚಾಂಗ ತಂದು, ಶ್ರಾವಣ ಎಂದು ಅಚ್ಚಾಗಿದ್ದ ಪುಟದ ಮೇಲೆ ಬೆರಳಿಟ್ಟು ತೋರಿಸಿದರು. ಕನ್ನಡ ಅಕ್ಷರ ಓದಲು ಬಾರದ ಕುಮರೇಸನ್ ಅದನ್ನು ಕೈಗೆ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು, ಗಂಭೀರವಾಗಿ ನೋಡಿ, ಸರಿ ಎಂದು ತಲೆಯಾಡಿಸಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಬರಿಗಾಲಲ್ಲಿ ಇಂಜಿನ್ ಬಿಚ್ಚಿದ ಮೆಕ್ಯಾನಿಕ್ ಅವರೊಬ್ಬರೇ ಇರಬೇಕು.

ಫ್ಲಾಟಿನವರೆಲ್ಲ ಬಾಲ್ಕನಿಯಲ್ಲಿ ನೆರೆದಿದ್ದರು. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತು, ಆಗಾಗ ಕುಮರೇಸನ್‌ಗೆ ಕಾಫಿ ಕೊಡಿಸುತ್ತ, ಒಂದೊಂದು ಭಾಗ ಹೊರಬಂದಾಗಲೂ ಅದೇನು ಎಂದು ಕೇಳುತ್ತಿದ್ದರು. ಪಂಪು ಹೊರಬಂದಾಗ ಕುಮರೇಸನ್ ಅದರ ತಳವನ್ನು ತಿರುಗಿಸಿ ತಿರುಗಿಸಿ ನೋಡಿದರು. ಪಂಪಿಗೂ ಇಂಜಿನ್ನಿಗೂ ನಡುವೆ, ಇಂಜಿನ್ನಿನ ಕಾವು ತಟ್ಟದಿರಲಿ ಎಂದು ಒಂದು ದಪ್ಪ ಬಿಲ್ಲೆ ಇರಬೇಕಂತೆ. ಅದು ಇರಲಿಲ್ಲ. ಯಾರೋ ಹಾಕುವುದನ್ನು ಬಿಟ್ಟಿದ್ದಾರೆ ಮೇಡಂ ಎಂದರು. ಆ ಇಂಜಿನ್ನಿಗೆ ಮೇ ತಿಂಗಳಿಂದ ಅವರ ಹೊರತು ಬೇರೆ ಯಾರೂ ಕೈ ಹಾಕಿರಲಿಲ್ಲ. ಯಾರಿರಬಹುದು ಎಂದು ಅವರು ಬಹಳ ಹೊತ್ತು ಯೋಚಿಸಿದರು. ನಾವೂ ಅವರ ಜೊತೆ ಯೋಚಿಸಿದೆವು. ಬಿಲ್ಲೆ ತಂದು ಹಾಕಿದ ಮೇಲೆ ಕೇಳದೆಯೇ ಹಾರ್ನನ್ನೂ ಸರಿಮಾಡಿದರು, ಅದು ಗ್ಯಾರಂಟಿಯಲ್ಲಿ ಬರುವುದಿಲ್ಲ, ಅಮ್ಮನಿಗಾಗಿ ಎಂದರು.

ಸಂಜೆ ಬಂದ ನಮ್ಮವರಿಗೆ ಕಾರು ಸರಿಯಾಯಿತು ಎಂದೆ. ಅವರು ನಂಬಲಿಲ್ಲ. ಹಿಂದೆಯೂ ಹೀಗೇ ಹೇಳಿದ್ದೆ ಎಂದರು, ಅದು ಸುಳ್ಳೂ ಅಲ್ಲ. ಸರಿಯಾಗಿದ್ದರೆ ಒಳ್ಳೆಯದೇ ಆಯಿತು, ರಾಜಮಾಣಿಕ್ಕಂಗೆ ಒಳ್ಳೆಯ ಗಾಡಿ ಕೊಟ್ಟ ಹಾಗಾಯಿತು, ಮಾತು ಕೊಟ್ಟಾಗಿದೆ ಎಂದರು. ಇಷ್ಟೆಲ್ಲ ಹೋರಾಡಿ ಬೇರೆಯವರ ಕಾರನ್ನು ರಿಪೇರಿ ಮಾಡಿಸಿದೆನಲ್ಲ ಎಂದು ಹೊಟ್ಟೆ ಉರಿಯಿತು. ಅವರ ಜೊತೆ ಮಾತು ಬಿಟ್ಟೆ. ಆಡಿ ಮುಗಿಯುವವರೆಗೂ ದಿನಾ ಕಾರು ತೆಗೆದೆ. ಒಮ್ಮೆಯೂ ನಿಲ್ಲಲಿಲ್ಲ. ಅದು ಅಷ್ಟು ಚೆನ್ನಾಗಿ ಓಡಿದಷ್ಟೂ ನನಗೆ ಸಂಕಟವಾಗುತ್ತಿತ್ತು.

ಆವಣಿಯ ಮೊದಲ ಭಾನುವಾರ ಬೆಳಿಗ್ಗೆ ರಾಜಮಾಣಿಕ್ಕಂ ರೈಲಿನಲ್ಲಿ ಬಂದರು. ಒಗೆದ ವೇಷ್ಟಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಮಾಲೆ, ಚಕ್ರದ ಕೆಳಗಿಡಲು ನಿಂಬೆಹಣ್ಣು. ಸಂಭಾವಿತ ಮನುಷ್ಯ, ನನ್ನನ್ನು ಕಂಡು ಸಂಕೋಚದಿಂದ ನಕ್ಕರು. ನಾನು ಕಾಫಿ ಕೊಟ್ಟು, ಕೀಲಿಕೈ ಹಿಡಿದುಕೊಂಡು ಕೆಳಗೆ ಹೋದೆ. ನಮ್ಮವರು, ರಾಜಮಾಣಿಕ್ಕಂ ಹಿಂದೆ ಬಂದರು.

ಕಾರಿನ ಮುಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ಕೀಲ್ಪಾಕ್‌ಗೆ ಹೋಗುವ ದಿನದ ಸೀರೆ ಉಟ್ಟು, ಮಡಿಲಲ್ಲಿ ಅಕ್ಕನಿಗಾಗಿ ಮಾಡಿದ್ದ ಚಕ್ಕುಲಿಯ ಡಬ್ಬಿ ಇಟ್ಟುಕೊಂಡಿದ್ದರು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದರೋ. ನಮ್ಮವರು ಬಗ್ಗಿ, ಅಮ್ಮಾ ಇಳಿ, ಅವರು ಕಾಯುತ್ತಿದ್ದಾರೆ ಎಂದರು. ಅತ್ತೆ ನೇರ ಮುಂದೆ ನೋಡುತ್ತಲೇ ಮಾತಾಡಿದರು.

'ಮಾರೋದಾದ್ರೆ ನನ್ನನ್ನೂ ಸೇರಿಸಿ ಮಾರು ಸೀನಾ. ಇಳಿಯಲ್ಲ.'

ರಾಜಮಾಣಿಕ್ಕಂಗೆ ಕನ್ನಡ ತಿಳಿಯದಿದ್ದರೂ ಅತ್ತೆ ಕೂತ ರೀತಿ ತಿಳಿಯಿತು. ಅವರು ಮೊದಲು ನಮ್ಮವರನ್ನು ನೋಡಿದರು, ಆಮೇಲೆ ನನ್ನನ್ನು, ಆಮೇಲೆ ಕೈಯಲ್ಲಿದ್ದ ಮಾಲೆಯನ್ನು. ಮೆಲ್ಲಗೆ ಎಲೆ ಬಿಚ್ಚಿ ಮಾಲೆಯನ್ನು ನಮ್ಮ ಕಾರಿನ ಮೂತಿಗೇ ಹಾಕಿದರು. ತಂದದ್ದನ್ನು ವಾಪಸ್ಸು ಒಯ್ಯಬಾರದು, ನಿಮ್ಮ ಕಾರು ಚೆನ್ನಾಗಿರಲಿ ಎಂದರು. ನಿಂಬೆಹಣ್ಣನ್ನು ಕೂಡ ಚಕ್ರದ ಕೆಳಗಿಟ್ಟರು. ಆ ಮನುಷ್ಯನ ದೊಡ್ಡತನಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಅತ್ತೆ ಅವರ ಕಡೆ ತಿರುಗಿ, ಹತ್ತಿ ಕೂತ್ಕೊಳ್ಳಿ, ಸ್ಟೇಷನ್ ತನಕ ಬಿಡುತ್ತಾಳೆ ಎಂದು ತಮಿಳಿನಲ್ಲಿ ಹೇಳಿದರು. ಅವರು ಹಿಂದೆ ಹತ್ತಿದರು. ಕೊಂಡುಕೊಳ್ಳಲು ಬಂದವರನ್ನು ಒಬ್ಬರನ್ನೇ ಕಳಿಸುವುದು ಚೆನ್ನಾಗಿರುವುದಿಲ್ಲ ಎಂದೋ ಏನೋ ನಮ್ಮವರೂ ಹತ್ತಿದರು. ನಾನು ಡ್ರೈವಿಂಗ್ ಕಲಿತ ಮೇಲೆ ನಾನು ಓಡಿಸುವ ಕಾರಿನಲ್ಲಿ ಅವರು ಕೂತದ್ದು ಅದೇ ಮೊದಲು.

ಸ್ಟೇಷನ್ ಬಳಿ ರಾಜಮಾಣಿಕ್ಕಂ ಇಳಿದು ಕೈ ಬೀಸಿದರು. ನಮ್ಮವರು ಇಳಿಯಲಿಲ್ಲ. ದೊಡ್ಡಮ್ಮನನ್ನು ನೋಡಿ ಬಹಳ ದಿನವಾಯಿತು ಎಂದು ಯಾರಿಗೋ ಹೇಳುವಂತೆ ಹೇಳಿಕೊಂಡರು. ಮುಖ್ಯ ರಸ್ತೆಗೆ ಬಂದ ಮೇಲೆ ಮುಂದೆ ಒಂದು ಲಾರಿ ಅಡ್ಡ ಬಂತು. 'ಮೆಲ್ಲಗೆ, ಮೆಲ್ಲಗೆ. ಬ್ರೇಕ್ ಹಾಕು' ಎಂದು ಹಿಂದಿನಿಂದ ಶುರು ಮಾಡಿದರು.

'ಅವಳಿಗೆ ಗೊತ್ತು ಕಣೋ' ಎಂದರು ಅತ್ತೆ. 'ನೀನು ಸುಮ್ನೆ ಕೂತ್ಕೋ.'

ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅತ್ತೆಯ ಬಾಯಲ್ಲಿ ನನ್ನ ಬಗ್ಗೆ ಆ ಮಾತು ನಾನು ಕೇಳಿರಲಿಲ್ಲ. ನನಗೆ ಗೊತ್ತಿದೆ ಎಂದು ಅವರು ಹೇಳಬಹುದು ಎಂಬ ಆಸೆಯನ್ನೇ ಎಂದೋ ಬಿಟ್ಟಿದ್ದೆ. ಕೋಡಂಬಾಕ್ಕಂ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಾಗ ಕಣ್ಣು ತುಂಬಿಕೊಂಡು ಮುಂದಿನದೇನೂ ಕಾಣಲಿಲ್ಲ. ದೀಪ ಹಸಿರಾಯಿತಂತೆ. ಅಕ್ಕಪಕ್ಕದ ಗಾಡಿಗಳೆಲ್ಲ ಹೊರಟವಂತೆ. ಹಿಂದಿನ ಬಸ್ಸಿನವನು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದ.

'ಮತ್ತೆ ನಿಂತುಹೋಯ್ತಾ?' ಎಂದು ನಮ್ಮವರು ಗಾಬರಿಯಿಂದ ಕೇಳಿದರು.

ಇಂಜಿನ್ ಓಡುತ್ತಲೇ ಇತ್ತು.